ಹನ್ನೆರಡನೆಯ ಆ್ಯಪ್

ಲಿಫ್ಟ್ ರಿಪೇರಿ ಕಂಪನಿಯ ಆಫೀಸಿನಲ್ಲಿ ಆರು ವರ್ಷ ಒಂದು ಮನೆಯ ಹಿರಿಯ ಸೊಸೆಯದೇ ದರ್ಬಾರು. ಕಲಿತದ್ದು ಬರೀ ಟೈಪಿಂಗು. ಆದರೂ ಕೋಡ್ ಬರೆಯದೆ ಪರದೆಯ ಮೇಲೆ ಚೌಕಗಳನ್ನು ಎಳೆದು ಜೋಡಿಸಿ ಆ್ಯಪ್ ಮಾಡುವುದನ್ನು ತಾನೇ ಕಲಿತು ಹನ್ನೆರಡು ಆ್ಯಪ್ ಮಾಡಿಟ್ಟಿದ್ದಳು. ದೂರಿಗೊಂದು, ಬಿಡಿಭಾಗಕ್ಕೊಂದು, ರಜೆಗೊಂದು. ಡ್ಯೂಟಿ ಮೆಕ್ಯಾನಿಕ್‌ನ ಫೋನ್ ನಂಬರನ್ನು ಮಾತ್ರ ಒಂದೊಂದರಲ್ಲೂ ಒಂದೊಂದು ಮೂಲೆಯಲ್ಲಿ ತುರುಕಿದ್ದಳು. ನಂಬರ್ ಬದಲಾದಾಗಲೆಲ್ಲ ಮ್ಯಾನೇಜರು ಅವಳ ಮೇಜಿನ ಮುಂದೆ ಬಂದು ನಿಲ್ಲಬೇಕು, "ಮೇಡಂ, ನೀವಿಲ್ದಿದ್ರೆ ನಮ್ಮ ಗತಿ ಏನು?" ಎನ್ನಬೇಕು. ಅವಳು ಎರಡು ದಿನ ಹುಡುಕಿ ಹುಡುಕಿ ತಿದ್ದಬೇಕು. ಆ ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೈದುನನ ಮದುವೆಯಾಗಿ ಓರಗಿತ್ತಿ ಬಂದಳು. ಕಂಪ್ಯೂಟರ್ ಓದಿದ್ದಾಳೆ, ಕೈಕೆಳಗಿರಲಿ ಎಂದು ಅದೇ ಆಫೀಸಿಗೆ ಸೇರಿಸಿದವಳೂ ಇವಳೇ. ಹೊಸಬಳು ಮೂರು ವಾರ ತೆಪ್ಪಗಿದ್ದು, ನಾಲ್ಕನೆಯ ವಾರ ಒಂದು ಪಟ್ಟಿ ಮಾಡಿದಳು. ನಂಬರು, ಇಮೇಲು, ಕೆಲಸದ ವೇಳೆ, ಎಲ್ಲ ಸೆಟ್ಟಿಂಗೂ ಅದರಲ್ಲೇ. ಆ್ಯಪ್‌ಗಳೆಲ್ಲ ಅದರಿಂದಲೇ ಓದಿಕೊಳ್ಳಬೇಕು. ಅಲ್ಲೊಮ್ಮೆ ತಿದ್ದಿದರೆ ಎಲ್ಲ ಕಡೆಯೂ ಬದಲಾಗುತ್ತದೆ.

"ಎರಡು ದಿನದ ಕೆಲಸಾನ ಎರಡು ನಿಮಿಷಕ್ಕೆ ತಂದ್ಯಲ್ಲಮ್ಮ," ಎಂದರು ಮ್ಯಾನೇಜರು. ಹಿರಿಯವಳ ಹೊಟ್ಟೆಗೆ ಕೆಂಡ ಸುರಿದ ಹಾಗಾಯಿತು. ಸಂಜೆ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆಯೂ "ಚಿಕ್ಕೋಳು ಚುರುಕು ಕಣೆ" ಎನ್ನಬೇಕೆ! ಹಾಗಾದರೆ ಇಷ್ಟು ವರ್ಷ ತಾನೇನು ಮಂಕು ಬಡಿದು ಕೂತಿದ್ದೆನೆ?

"ಅಕ್ಕ, ನಿಮ್ಮ ಆ್ಯಪ್‌ಗಳನ್ನ ನೀವೇ ಪಟ್ಟಿಗೆ ಜೋಡಿಸಿಬಿಡಿ. ನೀವು ಮಾಡಿದ್ದಕ್ಕೆ ನಾನು ಕೈ ಹಾಕೋದು ಚೆನ್ನಾಗಿರಲ್ಲ," ಎಂದಳು ಓರಗಿತ್ತಿ. ಮರ್ಯಾದೆ ಕೊಟ್ಟದ್ದಕ್ಕೂ ಇವಳಿಗೆ ಸಿಟ್ಟು. ಹನ್ನೊಂದನ್ನು ಜೋಡಿಸಿದಳು. ಹನ್ನೆರಡನೆಯದು ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಸಹಾಯಕ್ಕೆ ಒತ್ತುವ ಆ್ಯಪು. ಅದನ್ನು ಮುಟ್ಟದೆ ಬಿಟ್ಟು "ಎಲ್ಲಾ ಆಯ್ತು" ಎಂದಳು. ಮುಂದಿನ ಸಲ ಒಂದಾದರೂ ಕೈಕೊಡಲಿ, ಮ್ಯಾನೇಜರು ಮತ್ತೆ ತನ್ನ ಮೇಜಿಗೇ ಬರಲಿ. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಬಂದರು. ಹಳೆಯ ಮೆಕ್ಯಾನಿಕ್ ನಿವೃತ್ತನಾಗಿ, ಓರಗಿತ್ತಿ ಪಟ್ಟಿಯಲ್ಲಿ ಹೊಸಬನ ನಂಬರ್ ಹಾಕಿ ನಾಲ್ಕು ದಿನವಾಗಿತ್ತು. ಬಾಯಿ ತೆರೆದು ಕೂತ ರೋಗಿಯನ್ನು ಮೂರನೆಯ ಮಹಡಿಯಲ್ಲಿ ಬಿಟ್ಟು ಔಷಧಿ ತರಲು ಇಳಿದ ಹಲ್ಲಿನ ಡಾಕ್ಟರೊಬ್ಬರು ಐವತ್ತು ನಿಮಿಷ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಅವರು ಒತ್ತಿದ ಕರೆಗಳೆಲ್ಲ, ಮನೆಯಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದ ಹಳೆಯ ಮೆಕ್ಯಾನಿಕ್‌ಗೆ ಹೋಗಿದ್ದವು.

"ಯಾರ್ರೀ ಇದನ್ನ ಬಿಟ್ಟಿದ್ದು?" ಎಂದು ಮ್ಯಾನೇಜರು ಇಬ್ಬರೆದುರೂ ನಿಂತು ಗುಡುಗಿದರು. ಆಗಷ್ಟೇ ಆ್ಯಪ್ ತೆರೆದು ಹಳೆಯ ನಂಬರ್ ನೋಡಿದ್ದ ಓರಗಿತ್ತಿ ಹಿರಿಯವಳ ಕಡೆ ತಿರುಗಲೇ ಇಲ್ಲ. "ನಂದೇ ತಪ್ಪು ಸರ್. ಕೊನೇಲಿ ಒಂದ್ಸಲ ನಾನು ಎಲ್ಲಾ ನೋಡ್ಬೇಕಿತ್ತು."

ಮ್ಯಾನೇಜರು ತಣ್ಣಗಾದರು. "ಒಪ್ಕೊಂಡ್ಯಲ್ಲ, ಅದು ದೊಡ್ಡ ಗುಣ."

ಸದ್ಯ ಬಚಾವಾದೆ ಎಂದು ಉಸಿರು ಬಿಡಬೇಕಾದವಳಿಗೆ ಮೈಯೆಲ್ಲ ಉರಿಯಿತು. ಪಟ್ಟಿಯೂ ಅವಳದು, ಚುರುಕೂ ಅವಳದು, ಈಗ ದೊಡ್ಡ ಗುಣವೂ ಅವಳದೇ?

"ಅವಳದ್ದಲ್ಲ ಸರ್," ಎಂದು ಎದ್ದು ನಿಂತಳು. "ಬೇಕಂತ್ಲೇ ಬಿಟ್ಟಿದ್ದು ನಾನು."

ಇದನ್ನು ಪ್ರಾಮಾಣಿಕತೆ ಎಂದುಕೊಂಡವರಿದ್ದರೆ ಅದು ಅವರ ಒಳ್ಳೆಯತನ. ಮ್ಯಾನೇಜರು ಹಾಗೆ ಅಂದುಕೊಳ್ಳಲಿಲ್ಲ. ಹನ್ನೆರಡು ಆ್ಯಪ್‌ಗಳೂ ಆ ಸಂಜೆಯೇ ಓರಗಿತ್ತಿಯ ಪಾಲಾದವು. "ಬೇಡ ಸರ್, ಅಕ್ಕನ ಹತ್ರಾನೇ ಇರ್ಲಿ," ಎನ್ನುತ್ತ ಓರಗಿತ್ತಿ ಕಣ್ಣೀರು ಹಾಕಿದಳು. ಹಿರಿಯವಳಿಗೆ ಆ ಕಣ್ಣೀರಿನ ಮೇಲೂ ಹೊಟ್ಟೆಕಿಚ್ಚಾಯಿತು. ಅಳಬೇಕಾದವಳು ತಾನು, ತನಗೆ ಒಂದು ಹನಿಯೂ ಬರುತ್ತಿರಲಿಲ್ಲ.