ಕುರ್ಚಿಯಿಲ್ಲದ ವೇದಿಕೆ

ಶಿರಾಳಕೊಪ್ಪದ ಚೈತ್ರಶ್ರೀಗೆ ಹುಬ್ಬಳ್ಳಿಯಿಂದ ಕರೆ ಬಂದಾಗ ಮಗಳು ಸ್ಪಂದನಳಿಗೆ ಎರಡು ವರ್ಷ ತುಂಬಿ ಹದಿನೈದು ದಿನವಾಗಿತ್ತು. ಸಭೆ-ಸಮಾರಂಭ ಏರ್ಪಡಿಸುವವರೆಲ್ಲ ಸೇರಿ ತಮ್ಮ ಕಸುಬಿನ ಬಗ್ಗೆ ಮಾತಾಡುವ ಎರಡು ದಿನದ ಸಮಾವೇಶವಂತೆ. ಗಂಡ ಸಂಗಮೇಶನದು ಶಾಮಿಯಾನ, ಕುರ್ಚಿ, ಮೈಕಿನ ಅಂಗಡಿ. ಮದುವೆಯಾಗಿ ಬಂದ ಮೇಲೆ ಅವಳು ಅದಕ್ಕೆ ಸಭೆ ನಡೆಸಿಕೊಡುವ ಕೆಲಸವನ್ನೂ ಜೋಡಿಸಿದ್ದಳು. ಆಹ್ವಾನ ಪತ್ರಿಕೆಯಿಂದ ಹಿಡಿದು ಊಟದ ಎಲೆ ಎತ್ತಿಸುವವರೆಗೆ ಅವಳದೇ ಉಸ್ತುವಾರಿ.

"ಸಭೆ ಮಾಡ್ಸೋರಿಗೂ ಒಂದು ಸಭೆನಾ?" ಅತ್ತೆ ರಾಜೇಶ್ವರಮ್ಮ ಮಗುವಿನ ತಲೆ ಬಾಚುತ್ತ ಕೇಳಿದರು. "ನಾಳೆ ಅಡಿಗೆಯೋರಿಗೆ ಉಣ್ಣೋದು ಕಲಿಸ್ತಾರೇನೋ."

ಆನವಟ್ಟಿಯ ಸಂಗತಿ ಇಲ್ಲದಿದ್ದರೆ ಚೈತ್ರಶ್ರೀ ಸುಮ್ಮನಾಗಿಬಿಡುತ್ತಿದ್ದಳು. ಅಲ್ಲಿನ ರೈತರ ಕಂಪನಿಯ ವಾರ್ಷಿಕ ಸಭೆಯನ್ನು ಹೋದ ವರ್ಷ ಅವಳೇ ನಡೆಸಿಕೊಟ್ಟಿದ್ದಳು. ಮೆಕ್ಕೆಜೋಳ ಒಣಗಿಸುವ ಯಂತ್ರ ತರಿಸಲು ಸದಸ್ಯರು ಕೈ ಎತ್ತಿ ಒಪ್ಪಿಗೆ ಕೊಡಬೇಕಿತ್ತು. ವೇದಿಕೆಯ ಮೇಲೆ ನಿರ್ದೇಶಕರಿಗೆ, ಹಿರಿಯರಿಗೆ ಅಂತ ಹನ್ನೆರಡು ಕುರ್ಚಿ. ಹನ್ನೆರಡು ಮಂದಿಗೂ ಸ್ವಾಗತ, ಶಾಲು, ಹಾರ, ಆಮೇಲೆ ಒಬ್ಬೊಬ್ಬರದೂ ಎರಡು ಮಾತು. ಅಷ್ಟರಲ್ಲಿ ಒಂದೂವರೆಯಾಯಿತು, ಸಾರಿನ ವಾಸನೆ ಬಂತು. ಜನ ಎದ್ದು ಉಂಡು, ಎರಡೂವರೆಯ ಬಸ್ಸು ಹಿಡಿದರು. ಯಂತ್ರದ ವಿಷಯ ಬಂದಾಗ ಉಳಿದವರು ಮೂವತ್ತೆಂಟು. ನೂರು ಜನರಿಲ್ಲದೆ ಕೋರಂ ಇಲ್ಲ, ಕೋರಂ ಇಲ್ಲದೆ ಠರಾವಿಲ್ಲ. ಆ ಸಲ ಜೋಳವನ್ನು ರಸ್ತೆ ಮೇಲೆ ಹರವಿದರು, ಅಕಾಲದ ಮಳೆಗೆ ಮುಗ್ಗಿತು. ಈ ವರ್ಷವೂ ಹಾಗಾದರೆ ಶಿವಮೊಗ್ಗದವರಿಗೆ ಕೆಲಸ ಕೊಡುತ್ತೇವೆಂದು ಅಧ್ಯಕ್ಷ ಶಿವಮೂರ್ತಪ್ಪ ಹೇಳಿಯಾಗಿತ್ತು.

"ಮಗು ನಾನ್ ನೋಡ್ಕೋತೀನಿ, ನೀ ಹೋಗಿ ಬಾ," ಅಂದ ಸಂಗಮೇಶ.

ಹುಬ್ಬಳ್ಳಿಯಲ್ಲಿ ಮೊದಲ ದಿನದ ಭಾಷಣಗಳಲ್ಲಿ ಅರ್ಧ ದೊಡ್ಡ ಹೋಟೆಲುಗಳ ಮಾತು. ಅವಳಿಗೆ ದಕ್ಕಿದ್ದು ಚಹಾದ ಹೊತ್ತಿನಲ್ಲಿ. ಮಗುವಿನ ಫೋಟೋ ನೋಡುತ್ತ ನಿಂತಿದ್ದವಳನ್ನು ರಾಣೆಬೆನ್ನೂರಿನ ಲೋಕಮ್ಮ ಮಾತಿಗೆಳೆದರು. ಇಪ್ಪತ್ತು ವರ್ಷದಿಂದ ಇದೇ ಕಸುಬಿನವರು. ಆನವಟ್ಟಿಯ ಕಥೆ ಪೂರಾ ಕೇಳಿಸಿಕೊಂಡರು.

"ಶಾಲು ಬ್ಯಾಡ ಅಂದ್ರ ಹಿರಿಯರು ಸಿಟ್ಟಾಗ್ತಾರ. ಬಾಗಿಲದಾಗ ಹಾಕಿ ಬಿಡ್ರಿ," ಅಂದರು. "ಬಂದ ಬಂದಂಗ ಶಾಲು, ಅಲ್ಲೇ ಫೋಟೋ. ಒಳಗ ಬಂದ ಮ್ಯಾಲೆ ಬರೇ ಕೆಲಸದ ಮಾತು. ವೇದಿಕೆ ಮ್ಯಾಲೆ ಕುರ್ಚಿನ ಇಡಬ್ಯಾಡ್ರಿ. ಕುರ್ಚಿ ಇದ್ರ ಕೂತಾರ, ಕೂತ್ರ ಮಾತಾಡ್ತಾರ."

ಹಿಂದಿರುಗಿದ ಮೇಲೆ ಶಿವಮೂರ್ತಪ್ಪನವರಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು.

"ಕುರ್ಚಿ ಇಲ್ದಿರೋ ವೇದಿಕೆ ನಾ ಎಲ್ಲೂ ನೋಡಿಲ್ಲಮ್ಮ."

"ಸಾರ್, ಹೋದ ವರ್ಷ ಶಾಲು ಹನ್ನೆರಡು ಜನಕ್ಕೆ ಹಾಕಿದ್ವಿ. ಜೋಳ ಎಲ್ಲರದ್ದೂ ಮುಗ್ಗಿತು."

"ಫೋಟೋ ಮಾತ್ರ ಚೆನ್ನಾಗ್ ಬರ್ಬೇಕು ನೋಡು," ಅಂದರು.

ಸಭೆಯ ದಿನ ಹನ್ನೊಂದು ಮಂದಿ ಬಾಗಿಲಲ್ಲೇ ಶಾಲು ಹೊದ್ದು, ನಗುತ್ತ ಫೋಟೋ ತೆಗೆಸಿಕೊಂಡು, ಮುಂದಿನ ಸಾಲಿನಲ್ಲಿ ಕೂತರು. ಹನ್ನೊಂದಕ್ಕೆಲ್ಲ ಯಂತ್ರದ ಮಾತು ಶುರುವಾಯಿತು. ಹನ್ನೆರಡನೆಯವರು ಕುಬಟೂರಿನ ಹಿರಿಯ ನಿರ್ದೇಶಕ ಬೆನಕಪ್ಪ. ಈ ಹೊಸ ಏರ್ಪಾಡು ತಿಳಿಸಲು ಫೋನು ಮಾಡಿದಾಗ ಅವರು ಸಿಕ್ಕಿರಲಿಲ್ಲ. ಆಮೇಲೆ ಮಾಡಿದರಾಯಿತೆಂದು ಚೈತ್ರಶ್ರೀ ಮರೆತಿದ್ದಳು. ತಡವಾಗಿ ಬಂದ ಅವರು ಅಭ್ಯಾಸಬಲದಿಂದ ನೇರವಾಗಿ ವೇದಿಕೆ ಹತ್ತಿದರು. ಕೂರಲು ಏನೂ ಇಲ್ಲ. ಹಿಂದಿನ ಸಾಲು ಕಿಸಕ್ಕೆಂದಿತು.

"ಏನ್ ತಂಗಿ, ಕುರ್ಚಿ ಎಲ್ಲಾ ಮದ್ವೆಗೆ ಹೋದ್ವಾ?" ಅಂದರು. ಮುಖ ಕೆಂಪಾಗಿತ್ತು.

ಅವರು ಸಿಟ್ಟಾಗಿ ಹೊರಟರೆ ಕುಬಟೂರಿನ ಐವತ್ತು ಜನ ಜೊತೆಗೆ ಏಳುತ್ತಾರೆ, ಕೋರಂ ಮುರಿಯುತ್ತದೆ. ತಪ್ಪು ತನ್ನದೇ. ಚೈತ್ರಶ್ರೀ ಒಂದು ಕುರ್ಚಿಯನ್ನು ತಾನೇ ಹೊತ್ತು ಮೇಲೆ ಇಟ್ಟು, ಶಾಲು ಹೊದಿಸಿ ಕೈಮುಗಿದಳು. ಬೆನಕಪ್ಪ ಕೂತರು, ಒಬ್ಬರೇ.

ಕೆಳಗೆ ಮಾಸ್ತಪ್ಪನೆಂಬ ರೈತ ಕರೆಂಟಿನ ಬಿಲ್ಲು ಯಾರು ಕಟ್ಟುವುದೆಂದು ಕೇಳುತ್ತಿದ್ದ. ಜನ ಅವನ ಕಡೆ ತಿರುಗಿ ಕೂತರು. ಬೆನಕಪ್ಪ ಕಿವಿ ಚಾಚಿದರು, ಮುಂದಕ್ಕೆ ಬಾಗಿದರು. ಹತ್ತು ನಿಮಿಷ ತಡೆದು, ತಾವೇ ಕುರ್ಚಿ ಎತ್ತಿಕೊಂಡು ಇಳಿದು ಮಾಸ್ತಪ್ಪನ ಪಕ್ಕ ಹಾಕಿಕೊಂಡರು.

"ಸರ್ಕೋ ಮಾರಾಯ. ಮೇಲೆ ಒಬ್ನೇ ಕೂತ್ರೆ ನಾಟಕದ ರಾಜ ಆದಂಗೆ ಆಗ್ತದೆ. ಏನಂದೆ, ಬಿಲ್ಲಾ?"

ಕೂತವರು ಸುಮ್ಮನಿರಲಿಲ್ಲ. ಬಾಡಿಗೆ ಎಷ್ಟಿರಬೇಕು, ಮೊದಲ ಸರದಿ ಯಾರದು ಎಂದು ಅರ್ಧ ಗಂಟೆ ಜಗ್ಗಾಡಿದರು. ಅಡಿಗೆಯವರು ಎರಡು ಸಲ ಇಣುಕಿದರು. ಚೈತ್ರಶ್ರೀ ಎರಡು ಸಲವೂ ಈಗಲೇ ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಶಿವಮೂರ್ತಪ್ಪ ಒಪ್ಪಿಗೆ ಕೇಳಿದಾಗ ಸಭಾಂಗಣದಲ್ಲಿ ನೂರಾ ನಲವತ್ತೊಂದು ಜನರಿದ್ದರು. ಕಾರ್ಯದರ್ಶಿ ಎತ್ತಿದ ಕೈಗಳನ್ನು ಸಾಲು ಸಾಲಾಗಿ ಎಣಿಸಿದ. ನೂರಾ ಇಪ್ಪತ್ತಾರು.

ಠರಾವು ಬರೆದು ಅಧ್ಯಕ್ಷರ ಸಹಿ ಬಿದ್ದ ಮೇಲೆಯೇ ಅವಳು ಅಡಿಗೆಯವರಿಗೆ ಕೈಸನ್ನೆ ಮಾಡಿದ್ದು. ಆಗ ಒಂದು ಗಂಟೆ. ಜನ ಅವಸರವಿಲ್ಲದೆ, ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡರು.