ಅಕ್ಕ ಎದುರಿಗೆ ಬಂದದ್ದು

ಐವತ್ತು ದಾಟಿದ ಮೇಲೆ ನಾನು ಓಡಲು ಶುರು ಮಾಡಿದಾಗ ನಮ್ಮ ಮನೆಯವರು ಒಂದೇ ಪ್ರಶ್ನೆ ಕೇಳಿದ್ದರು: "ಹಿಂದ ಯಾರರ ಬೆನ್ನು ಹತ್ಯಾರೇನು?" ಅವರ ಪ್ರಕಾರ ಮನುಷ್ಯ ಓಡುವುದಕ್ಕೆ ಮೂರೇ ಕಾರಣ. ಬಸ್ಸು, ನಾಯಿ, ಮಳೆ. ಈ ಮೂರೂ ಇಲ್ಲದ ಧಾರವಾಡದ ಬೆಳಗಿನಲ್ಲಿ ಓಡುತ್ತಿದ್ದ ನನ್ನನ್ನು ನೋಡಿ ಹಾಲಿನವನು ಸೈಕಲ್ ನಿಲ್ಲಿಸಿ, "ಬಾಯಾರ, ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?" ಎಂದು ಕೇಳಿದ್ದ. ಕೆಲವು ತಿಂಗಳು ಹೀಗೇ ಕೇಳಿ, ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವುದನ್ನು ಕಂಡು ಕೇಳುವುದನ್ನು ಬಿಟ್ಟ.

ಆದ್ದರಿಂದ ಮುಂಬೈಯ ಒಂದು ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇನೆ ಎಂದು ಹೇಳಿದಾಗ ಮನೆಯಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ. "ಹೆಂಗೂ ಅಕ್ಕಾರನ್ನ ನೋಡಿ ಭಾಳ ದಿನ ಆತು" ಎಂದು ಅವರು ಮೂವರಿಗೂ ಟಿಕೆಟ್ ತೆಗೆಸಿದರು. ಮೂರನೆಯವಳು ಕಾಲೇಜಿಗೆ ಹೋಗುವ ನಮ್ಮ ಮಗಳು. ಅವಳಿಗೆ ನನ್ನ ಓಟಕ್ಕಿಂತ ಓಟದ ಫೋಟೋಗಳ ಕಡೆಗೆ ಗಮನ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳ ಮೇಲೆ ನನ್ನ ಬೂಟು ಇಟ್ಟು ಚೀಲ ಕಟ್ಟಿದೆವು. ಬೂಟಿಗೆ ಚಟ್ನಿಯ ವಾಸನೆ ಹಿಡಿಯಿತು. ಓಟದ ಬಗ್ಗೆ ಬರೆಯುವವರು ಈ ತೊಂದರೆಯನ್ನು ಎಲ್ಲಿಯೂ ಹೇಳಿರುವುದಿಲ್ಲ.

ಅಕ್ಕ ಮದುವೆಯಾಗಿ ಹೋದದ್ದು ಚೆಂಬೂರಿಗೆ, ಈಗಲೂ ಅದೇ ಬಿಲ್ಡಿಂಗ್. ಒಂದು ಕೋಣೆ, ಒಂದು ಕಿಚನ್, ಒಂದು ಬಾತ್‌ರೂಮು. ಭಾವ ರಿಫೈನರಿಯಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡು ವರ್ಷದ ಮೇಲಾಗಿತ್ತು. ಮಗನೂ ಅಲ್ಲೇ ಪಾಳಿಯ ಮೇಲೆ ಹೋಗುತ್ತಾನೆ. ನಾವು ಹೋದ ವಾರ ಅವನಿಗೆ ನೈಟ್ ಶಿಫ್ಟ್ ಇತ್ತು. ಅವನ ಮಂಚ ನನಗೆ ಸಿಕ್ಕಿತು.

ಮೊದಲೆಲ್ಲ ಅಕ್ಕನ ಮನೆಯಿಂದ ಉಡಿ ತುಂಬಿಸಿಕೊಳ್ಳದೆ ನಾನು ಹೊರಟದ್ದೇ ಇಲ್ಲ. ಸೆರಗು ಒಡ್ಡಿ ನಿಲ್ಲಬೇಕು. ಅವಳು ಕುಂಕುಮ ಹಚ್ಚಿ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ, ಎಲೆ ಅಡಿಕೆ ಹಾಕುತ್ತಿದ್ದಳು. ಅವ್ವ ಅಪ್ಪ ಹೋದ ಮೇಲೆ ತವರು ಅಂತ ಉಳಿದದ್ದು ಅವಳೊಬ್ಬಳೇ. ಆದ್ದರಿಂದ ನನ್ನ ತವರು ಚೆಂಬೂರು. ಆ ತೆಂಗಿನಕಾಯಿ ಹೊತ್ತು ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ, "ಧಾರವಾಡದಾಗ ಕಾಯಿ ಸಿಗೂದಿಲ್ಲೇನು?" ಎಂದು ಪ್ರತಿ ಸಲ ಗೊಣಗುತ್ತಿದ್ದೆ. ಭಾವ ಹೋದ ಮೇಲೆ ಬಂದಾಗ ಅಕ್ಕ ಪಕ್ಕದ ಮನೆಯ ಮುತ್ತೈದೆ, ಮರಾಠಿ ವಹಿನಿಯನ್ನು ಕರೆದು ನನ್ನ ಉಡಿ ತುಂಬಿಸಿದಳು. ತಾನು ಒಳಗೇ ನಿಂತಳು. ವಿಧವೆಯಾದವಳು ಹೊರಟವರಿಗೆ ಎದುರು ಬರಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಹಾಗೇ ಬಾಗಿಲ ಮರೆಗೆ ನಿಲ್ಲುತ್ತಿದ್ದುದನ್ನು ನೋಡಿಯೇ ನಾವು ಬೆಳೆದದ್ದು. ರೈಲಿನಲ್ಲಿ ಆ ವಹಿನಿಯ ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬೆಳಗಾವಿಯ ತನಕ ಅತ್ತೆ.

ಹೀಗಾಗಿ ಈ ಸಲ ಎರಡು ಹಟ ಹಿಡಿದು ಹೊರಟಿದ್ದೆ. ಒಂದು, ನಲವತ್ತೆರಡು ಕಿಲೋಮೀಟರನ್ನು ನನ್ನ ಕಾಲ ಮೇಲೇ ಮುಗಿಸುವುದು. ಇನ್ನೊಂದು, ಅಕ್ಕನ ಕೈಯಿಂದಲೇ ಉಡಿ ತುಂಬಿಸಿಕೊಳ್ಳುವುದು. ಮೊದಲನೆಯದಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡಿದ್ದೆ. ಎರಡನೆಯದಕ್ಕೆ ಏನು ತಯಾರಿ ಮಾಡಬೇಕೋ ತಿಳಿದಿರಲಿಲ್ಲ.

ಓಟದ ಹಿಂದಿನ ದಿನ ಸಂಜೆ ಮಾತು ತೆಗೆದೆ. "ಅಕ್ಕಾ, ನಾಳೆ ನೀನೂ ಬಾ. ಎದುರಿಗೆ ನಿಂತು ಕಳಸು."

"ಹುಚ್ಚಿ ಇದ್ದೀಯೇನು? ಅಷ್ಟು ದೂರ ಓಡಾಕಿ ನೀ. ನಡುವ ಕಾಲು ಉಳುಕಿತಂದ್ರ ನಾ ಸಾಯೂತನಕ ಅದನ್ನ ನೆನಸ್ಕೋತ ಕೂಡಬೇಕು."

"ಕಾಲು ನಂದು, ಉಳುಕಿದ್ರ ನನ್ನ ತಪ್ಪು. ನಿಂದೇನು?"

"ನಿನಗ ತಿಳಿಯೂದಿಲ್ಲ, ಬಿಡು." ಅವಳು ಅವಲಕ್ಕಿ ಆರಿಸುತ್ತಲೇ ಇದ್ದಳು. ಮೊರದಿಂದ ಕಣ್ಣೆತ್ತದೆ ಕೇಳಿದಳು: "ಎಲ್ಲಿತನಕ ಓಡ್ತೀರಿ?"

"ಠಾಣೆ ತನಕ" ಎಂದೆ. ನನಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು, ಹೆಚ್ಚು ಮಾತು ಬೇಡವಾಗಿತ್ತು. ಮುಂಬೈಯ ಆಚೆಯ ಠಾಣೆ ಊರಿನ ತನಕ ಹೋಗಿ, ಅಲ್ಲೇ ಹೊರಳಿ, ಅದೇ ಹೈವೇಯಲ್ಲಿ ಚೆಂಬೂರಿಗೇ ವಾಪಸು ಬರಬೇಕು ಎಂಬುದನ್ನು ಬಿಡಿಸಿ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಚೆಂಬೂರಿನಲ್ಲಿ ಅಷ್ಟು ವರ್ಷ ಇದ್ದವಳಿಗೆ ಠಾಣೆಗೆ ಹೋಗುವುದೆಂದರೆ ಏನಾದರೂ ಕೆಲಸದ ಮೇಲೆ ಹೋಗುವುದು. ಸುಮ್ಮನೆ ಮುಟ್ಟಿ ಬರಲು ಯಾರೂ ಠಾಣೆಗೆ ಹೋಗುವುದಿಲ್ಲ.

ಬೆಳಗಿನ ಜಾವ ಬೂಟು ಕಟ್ಟಿಕೊಂಡು ಎದ್ದರೆ ಅಕ್ಕ ಕಾಣಲಿಲ್ಲ. ಒಂದು ಕೋಣೆಯ ಮನೆಯಲ್ಲಿ ಎದುರಾಗದೆ ಇರುವುದು ಸುಲಭದ ಕೆಲಸವಲ್ಲ. ಅವಳು ಬಾತ್‌ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಮ್ಯಾರಥಾನ್ ಓಡುವವರಿಗೆ ಹೊರಡುವ ಮೊದಲು ಅತ್ಯಗತ್ಯವಾಗಿ ಬೇಕಾದ ಜಾಗವೂ ಅದೇ.

"ಅಕ್ಕಾ, ಹೊರಗ ಬಾ. ನನಗ ಅರ್ಜೆಂಟ್ ಅದ."

"ನೀ ಹೊಂಟ ಮ್ಯಾಲ ಬರ್ತೀನಿ."

"ನೀ ಬಂದ ಮ್ಯಾಲೇ ನಾ ಹೊಂಡೂದು!"

"ಅಲ್ಲೇ ಟಾಯ್ಲೆಟ್ ಇಟ್ಟಿರ್ತಾರ, ಹೋಗವಾ. ಟಿವಿಯಾಗ ನೋಡೀನಿ."

ಮನೆಯವರು ಗಡಿಯಾರ ತೋರಿಸಿದರು. ಮಗಳು ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ನಾನು ಬಾತ್‌ರೂಮಿನ ಬಾಗಿಲಿಗೆ ನಮಸ್ಕಾರ ಮಾಡಿ ಹೊರಟೆ.

ಹೈವೇಯ ಪಕ್ಕದಲ್ಲಿ ಬಲೂನು ಕಟ್ಟಿದ ದೊಡ್ಡ ಕಮಾನು ನಿಲ್ಲಿಸಿದ್ದರು. ಅಕ್ಕ ಹೇಳಿದ್ದು ಸುಳ್ಳಲ್ಲ, ಟಾಯ್ಲೆಟ್ ಇದ್ದವು. ಮುಗಿಸಿ ಬಂದು ಗುಂಪಿನಲ್ಲಿ ನಿಂತೆ. ಅಷ್ಟರಲ್ಲಿ ಮಗಳು ಬೇಲಿಯಾಚೆಯಿಂದ ಕೂಗಿದಳು: "ಮಮ್ಮೀ, ಹಿಂದ ನೋಡು! ದೊಡ್ಡವ್ವ!"

ತಿರುಗಿ ನೋಡಿದೆ. ಕಮಾನಿನ ಹಿಂದೆ, ನಮ್ಮೆಲ್ಲರ ಬೆನ್ನಿಗೆ, ಸ್ವೆಟರಿನ ಮೇಲೆ ಸೆರಗು ಹೊದ್ದುಕೊಂಡು ಅಕ್ಕ ನಿಂತಿದ್ದಳು. ನಾನು ತಿರುಗಿದ ಕೂಡಲೇ ಟಾಯ್ಲೆಟ್ಟಿನ ಮರೆಗೆ ಸರಿದಳು. ನನಗೆ ಅರ್ಥವಾಯಿತು. ಎದುರು ಬಂದರೆ ತಾನೇ ದೋಷ? ಬೆನ್ನು ನೋಡಿದರೆ ಏನೂ ಆಗುವುದಿಲ್ಲ. ತಂಗಿಯ ಬೆನ್ನು ನೋಡಲು ಅವಳು ಆ ಚಳಿಯಲ್ಲಿ ನಡೆದು ಬಂದಿದ್ದಳು. ಅದೇ ಹೊತ್ತಿಗೆ ಪೀಪಿ ಊದಿದರು, ಎಲ್ಲರೂ ಓಡಿದರು, ನಾನೂ ಓಡಿದೆ.

ಠಾಣೆಯವರೆಗಿನ ಓಟದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರಸ್ತೆ ಇತ್ತು. ಅದರ ಮೇಲೆ ಓಡಿದೆ. ಹೊರಳಿ ಬರುವಾಗ ಬಿಸಿಲೇರಿತು, ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ವಿಕ್ರೋಲಿಯ ಹತ್ತಿರ ಕಾಲು ಎಳೆಯುತ್ತ ನಡೆಯುತ್ತಿದ್ದಾಗ ಪಕ್ಕಕ್ಕೆ ಒಂದು ಬಸ್ಸು ಬಂತು. ಹೊತ್ತಿಗೆ ಸರಿಯಾಗಿ ಮುಗಿಸಲಾಗದವರನ್ನು ಎತ್ತಿಕೊಂಡು ಹೋಗುವ ಬಸ್ಸು ಅದು. ಕಿಟಕಿಯೊಳಗೆ ನನ್ನಂಥವರು ನೆಮ್ಮದಿಯಾಗಿ ಬಾಳೆಹಣ್ಣು ತಿನ್ನುತ್ತಿದ್ದರು. ಬಾಗಿಲಲ್ಲಿ ನಿಂತಿದ್ದವನು, "ಆಯಿಯೇ ಮ್ಯಾಡಮ್, ಬೈಠ್ ಜಾಯಿಯೇ. ಏಸಿ ಹೈ" ಎಂದ.

ಹತ್ತಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಆ ಬಸ್ಸಿನಿಂದ ಇಳಿದೆ ಎಂದು ಗೊತ್ತಾದರೆ ಅಕ್ಕ ನನ್ನ ಕಾಲನ್ನೂ ಬಯ್ಯುವುದಿಲ್ಲ, ಬಿಸಿಲನ್ನೂ ಬಯ್ಯುವುದಿಲ್ಲ. ಟಾಯ್ಲೆಟ್ಟಿನ ಮರೆಗೆ ಸರಿಯುವುದರೊಳಗೆ ತನ್ನ ಮುಖ ತಂಗಿಗೆ ಕಂಡುಬಿಟ್ಟಿತಲ್ಲ, ಅದಕ್ಕೇ ಹೀಗಾಯಿತು ಎನ್ನುತ್ತಾಳೆ. ಆಮೇಲೆ ಜನ್ಮದಲ್ಲಿ ನನ್ನ ಎದುರಿಗೆ ಬರುವುದಿಲ್ಲ. ಬಸ್ಸಿನವನಿಗೆ ಇದನ್ನೆಲ್ಲ ಹಿಂದಿಯಲ್ಲಿ ವಿವರಿಸುವುದು ನನ್ನ ಕೈಲಾಗದ ಮಾತು. "ನಹೀ ಚಾಹಿಯೇ" ಎಂದೆ.

ಘಾಟ್ಕೋಪರಿನಲ್ಲಿ ಮನೆಯವರೂ ಮಗಳೂ ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ಹಿಡಿದು ನಿಂತಿದ್ದರು. ಮನೆಯವರು ನನ್ನನ್ನು ನೋಡಿದರು, ನನ್ನ ಹಿಂದೆ ನಿಧಾನವಾಗಿ ಬರುತ್ತಿದ್ದ ಬಸ್ಸನ್ನು ನೋಡಿದರು. ಮದುವೆಯಾದಂದಿನಿಂದ ಮೊದಲ ಸಲ ನನ್ನ ಓಟಕ್ಕೆ ಅವರಿಗೆ ಸರಿಯಾದ ಕಾರಣವೊಂದು ಕಂಡಿತು. "ಏ, ಬಸ್ ಬಂತು, ಓಡು ಓಡು!" ಎಂದು ಟವೆಲ್ ಬೀಸುತ್ತ ನನಗಿಂತ ಮುಂದೆ ಓಡಿದರು. ಸ್ವಲ್ಪ ದೂರಕ್ಕೇ ಏದುಸಿರು ಬಂದು ಡಿವೈಡರ್ ಮೇಲೆ ಕುಳಿತರು. ನಾನು ಅವರನ್ನು ದಾಟಿ ಹೋದೆ.

ಕೊನೆಗೆ ಕಮಾನು ಕಂಡಿತು. ಹೊರಟ ಕಮಾನೇ ಮುಟ್ಟುವ ಕಮಾನು. ಬೆಳಿಗ್ಗೆ ನಮ್ಮ ಬೆನ್ನ ಹಿಂದೆ ಇದ್ದದ್ದೆಲ್ಲ ಈಗ ನಮ್ಮ ಎದುರಿಗಿತ್ತು. ಕಮಾನಿನಾಚೆ, ಪದಕ ಕೊಡುವ ಹುಡುಗಿಯರ ಪಕ್ಕದಲ್ಲಿ, ಯಾರೋ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಕ್ಕ ಕುಳಿತಿದ್ದಳು. ನಾನು ಠಾಣೆ ಮುಟ್ಟಿದ ಸುದ್ದಿ ಫೋನಿನಲ್ಲಿ ಬರುವ ತನಕ ಏಳಬಾರದು ಎಂದು ಕುಳಿತಿದ್ದಳಂತೆ. ಸುಮ್ಮನೆ ಕೂರಲಾಗದೆ ತರಕಾರಿಯವನಿಂದ ಹಸಿ ಬಟಾಣಿ ಕೊಂಡು ಸುಲಿಯುತ್ತಿದ್ದಳು.

ಅಷ್ಟು ಹೊತ್ತಿನಲ್ಲಿ ಅವಳು ಮಾಡಿದ ಇನ್ನೊಂದು ಕೆಲಸವನ್ನು ಆ ಹುಡುಗಿಯರು ಆಮೇಲೆ ಹೇಳಿದರು. ಓಟ ಮುಗಿಯುವುದು ಠಾಣೆಯಲ್ಲಿ ಎಂದು ನಂಬಿದ್ದ ಅಕ್ಕ, ಚೆಂಬೂರಿಗೆ ವಾಪಸು ಬಂದವರೆಲ್ಲ ಅರ್ಧಕ್ಕೇ ಬಿಟ್ಟು ಬಂದವರು ಎಂದುಕೊಂಡಿದ್ದಳು. ಎಲ್ಲರಿಗಿಂತ ಮೊದಲು ಬಂದ ಕಡ್ಡಿಯಂಥ ಹುಡುಗನ ಬೆನ್ನು ಸವರಿ, "ಇರಲಿ ಬೇಟಾ, ರೋನಾ ನಹೀ. ಅಗಲೇ ಸಾಲ್ ಹೋಗಾ" ಎಂದು ಮುಂದಿನ ವರ್ಷದ ಭರವಸೆ ಹೇಳಿ ಒಂದು ಹಿಡಿ ಬಟಾಣಿ ಕೊಟ್ಟಿದ್ದಳು. ಆಮೇಲೆ ಬಂದವರಿಗೂ ಅದೇ ಸಮಾಧಾನ, ಅದೇ ಬಟಾಣಿ. ಬಿಟ್ಟು ಬಂದವರಿಗೂ ಪದಕ ಕೊಡುವ ಮುಂಬೈ ಮಂದಿಯ ದೊಡ್ಡ ಮನಸ್ಸನ್ನು ಆ ಹುಡುಗಿಯರ ಮುಂದೆ ಹೊಗಳಿದ್ದಳು. ಅವಳನ್ನು ತಿದ್ದಲು ಯಾರಿಗೂ ಮನಸ್ಸಾಗಿರಲಿಲ್ಲ.

ಆದರೆ ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದ್ದಷ್ಟೇ ಕಂಡಿತು. ಎದ್ದಳು. ಕುರ್ಚಿಯನ್ನು ಎತ್ತಿ ತಿರುಗಿಸಿದಳು. ನನಗೆ ಬೆನ್ನು ಮಾಡಿ, ಬಟಾಣಿಯ ಚೀಲವನ್ನು ಎದೆಗೆ ಅವಚಿಕೊಂಡು ಕುಳಿತಳು. ಪೊಲೀಸಿನವನು, "ಮಾವ್ಶಿ, ಬಾಜೂಲಾ ವ್ಹಾ" ಎಂದು ಪಕ್ಕಕ್ಕೆ ಸರಿಯಲು ಹೇಳಿದರೂ ಅಲುಗಲಿಲ್ಲ. ಕೊನೆಯ ದಾರಿಯನ್ನೆಲ್ಲ ನಾನು ಆ ಬೆನ್ನನ್ನು ನೋಡುತ್ತಲೇ ಕುಂಟಿದೆ. ಕಮಾನು ದಾಟಿದ್ದೂ ತಿಳಿಯಲಿಲ್ಲ. ನೇರ ಹೋಗಿ ಕುರ್ಚಿಯ ಮುಂದೆ ನಿಂತೆ.

ಅವಳು ಅಳುತ್ತಿದ್ದಳು. "ನಾ ಬರಬಾರದಿತ್ತು. ಮನ್ಯಾಗ ಸುಮ್ನ ಕೂಡಬೇಕಿತ್ತು. ನನ್ನ ಸಲುವಾಗಿ ನೀನೂ ಬಿಟ್ಟು ಬಂದಿ."

"ಏನು ಬಿಟ್ಟು ಬಂದೆ?"

"ಠಾಣೆ ಮುಟ್ಟಲಿಲ್ಲಲ್ಲ!"

"ಮುಟ್ಟಿ ಬಂದೆ ಅಕ್ಕಾ! ಮುಟ್ಟಿ, ಹೊರಳಿ ಬಂದೆ. ಓಟ ಮುಗಿಯೂದು ಇಲ್ಲೇ. ನೀ ಕುಂತಲ್ಲೇ."

ಅವಳು ನಂಬಲಿಲ್ಲ. ಪದಕದ ಹುಡುಗಿ ನನ್ನ ಕೊರಳಿಗೆ ಪದಕ ಹಾಕಿ, "ಆಂಟಿ, ಇನ್ಹೋನೇ ಪೂರಾ ಕಿಯಾ. ಫುಲ್" ಎಂದಳು. ಅಕ್ಕ ಹುಡುಗಿಯನ್ನು ನೋಡಿದಳು, ಕಮಾನನ್ನು ನೋಡಿದಳು, ಬಟಾಣಿ ತಿನ್ನುತ್ತ ಅಲ್ಲಲ್ಲಿ ಕುಳಿತಿದ್ದವರನ್ನು ನೋಡಿದಳು. ಅವರೆಲ್ಲ ಯಾರೆಂಬುದು ಅವಳಿಗೆ ಆಗ ಹೊಳೆದಿರಬೇಕು. "ಅಯ್ಯ ಶಿವನೇ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಹಿಂದ ಬಸ್ ಬಂದಿತ್ತು, ಹತ್ತಲಿಲ್ಲ ನಾನು. ಕಡೀಕ ನಿನ್ನ ಎದುರಿಗೇ ಬಂದೆ. ಏನಾತು? ಕಾಲು ಮುರೀತೇನು?" ನನ್ನ ದನಿ ಜೋರಾಗಿತ್ತು. ನಾನೂ ಅಳುತ್ತಿದ್ದೆ. ಟೀಶರ್ಟಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ಅವಳ ಮುಂದೆ ಒಡ್ಡಿದೆ. "ಹಾಕು."

"ನಾ ಹಾಕಬಾರದವಾ."

"ನಿಂತಿರಾಕ ಆಗವಲ್ದು ನನಗ. ಲಗೂ ಹಾಕು."

ಅಕ್ಕ ಸುತ್ತಲೂ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಚೀಲದಲ್ಲಿ ಉಳಿದಿದ್ದ ಬಟಾಣಿಯನ್ನು ಒಂದೊಂದೇ ಹಿಡಿ ನನ್ನ ಉಡಿಗೆ ಹಾಕಿದಳು. ನಾನು ಕುಂಟುಗಾಲಿನ ಮೇಲೆ ಓಲಾಡುತ್ತಿದ್ದೆ. ಬಟಾಣಿ ಅರ್ಧಕ್ಕರ್ಧ ರಸ್ತೆಯ ಪಾಲಾಯಿತು.

ಮರುದಿನ ನಾವು ಊರಿಗೆ ಹೊರಟಾಗ ಬಾತ್‌ರೂಮಿನ ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ಅಕ್ಕ ತೆಂಗಿನಕಾಯಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು, ನನ್ನ ಎದುರಿಗೆ.