ಟಾರ್ಚಪ್ಪನ ಐದು ಸಿನಿಮಾ

ನಮ್ಮಪ್ಪನಿಗೆ ಜನ ಇಟ್ಟ ಹೆಸರು ಟಾರ್ಚಪ್ಪ. ಮೂವತ್ತೊಂದು ವರ್ಷದಿಂದ ಒಂದೇ ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುತ್ತಾರೆ. ಮೆಟ್ಟಿಲು ಹದಿನೇಳು, ಸಾಲು ಇಪ್ಪತ್ತೆರಡು. ಕಣ್ಣು ಕಟ್ಟಿ ಬಿಟ್ಟರೂ ದಾರಿ ತಪ್ಪಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ.

ವರ್ಷ ಮುಗಿಯುವಾಗ ತಮಗೆ ಹಿಡಿಸಿದ ಐದು ಸಿನಿಮಾಗಳನ್ನು, ಯಾಕೆ ಹಿಡಿಸಿದವು ಎಂಬುದರ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅದನ್ನು ಮುಟ್ಟಲು ಯಾರಿಗೂ ಬಿಟ್ಟವರಲ್ಲ. ಈ ಸಲ ಬೆಳಿಗ್ಗೆ ಬೆಳಿಗ್ಗೆಯೇ ನನ್ನ ಕೈಗಿಟ್ಟರು.

"ನೀನೇ ಬರಿಯಮ್ಮ. ಬೆರಳು ಹಿಡ್ಕೊಂಡಿದೆ."

ಮಗಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿ. ಗೊಣಗುತ್ತಲೇ ಕುರ್ಚಿ ಎಳೆದು ಕೂತೆ. ಒಂದನೆಯದರಲ್ಲಿ ಬಾಗಿಲು ಕಿರುಗುಟ್ಟುವುದು ಚೆನ್ನಾಗಿತ್ತಂತೆ. ಎರಡನೆಯದರಲ್ಲಿ ತಾಯಿಯ ಕೆಮ್ಮು. ಮೂರನೆಯದರಲ್ಲಿ ಯಾರೋ ಬರಿಗಾಲಲ್ಲಿ ನಡೆಯುವ ಸದ್ದು.

ಸುಮ್ಮನೆ ಹಿಂದಿನ ಪುಟಗಳನ್ನು ತಿರುವಿದೆ. 'ನಾಯಕಿಯ ಮೂಗಿನ ತುದಿಯ ಬೆವರು', 'ಹಳದಿ ಗೋಡೆ ಮೇಲೆ ಸೈಕಲ್ಲಿನ ನೆರಳು'. ಹಳೆಯ ವರ್ಷಗಳಲ್ಲಿ ಬರೀ ಇಂಥವೇ.

"ಆ ಮೂಕಿ ಹುಡುಗಿ ಸಿನಿಮಾ ಬಿಟ್ಬಿಟ್ರಲ್ಲ? ಕೊನೇಲಿ ಇಪ್ಪತ್ತು ನಿಮಿಷ ಮಾತೂ ಇಲ್ದೆ, ಸಂಗೀತಾನೂ ಇಲ್ದೆ, ಎಲ್ಲಾರೂ ಅತ್ಕೊಂಡು ಬಂದ್ರಲ್ಲ?"

"ಅದಾ? ಕೊನೇಲಿ ಏನೂ ಇಲ್ಲಮ್ಮ ಅದ್ರಲ್ಲಿ. ಖಾಲಿ."

ಮೊನ್ನೆ ಲೋಟದ ಆಚೆ ಸುರಿದ ಚಹಾ, ಸ್ಕೂಟರಿನ ಪಕ್ಕದಲ್ಲಿ ಎದ್ದ ಉದ್ದನೆಯ ಗೀರು ಕಣ್ಮುಂದೆ ಬಂದವು. ಗೇಟಿಗೆ ತಾಗಿತು ಅಂದಿದ್ದರು, ನಾನೂ ನಂಬಿದ್ದೆ.

ಏನೂ ಬರೆಯದ ಒಂದು ಹಾಳೆ ತೆರೆದು ಅವರ ಮುಂದೆ ಹಿಡಿದೆ. "ಸರಿ ಇದೆಯಾ ನೋಡಿ ಅಪ್ಪ."

ಕಿಟಕಿಯಿಂದ ಬಿಸಿಲು ಹಾಳೆಯ ಮೇಲೇ ಬೀಳುತ್ತಿತ್ತು. ಅಪ್ಪ ಹುಬ್ಬು ಗಂಟಿಕ್ಕಿ ಸಾಕಷ್ಟು ಹೊತ್ತು ನೋಡಿದರು.

"ಸರಿಯಾಗಿದೆ. ನಿನ್ನ ಅಕ್ಷರ ಯಾವತ್ತೂ ಮುತ್ತಿನ ಹಾಗೆ."

ಅಷ್ಟರಲ್ಲಿ ಮಗಳು ಬ್ಯಾಗು ಹಾಕಿಕೊಂಡು ಬಂದಳು. "ತಾತ, ಹೊತ್ತಾಯ್ತು." ಅಪ್ಪ ಎದ್ದು ಮೊಳೆಯಿಂದ ಸ್ಕೂಟರಿನ ಕೀಲಿಯನ್ನು ತಡವರಿಸದೆ ತೆಗೆದುಕೊಂಡರು. ಆ ಮೊಳೆಯ ಲೆಕ್ಕವೂ ಅವರಿಗೆ ಬಾಯಿಪಾಠವಿರಬೇಕು.

"ಇವತ್ತು ನಾನೇ ಬಿಟ್ಟು ಬರ್ತೀನಿ," ಅಂದೆ.

ಮಗಳು ಮುಖ ಊದಿಸಿದಳು. "ಬೇಡಮ್ಮ. ನೀನಾದ್ರೆ ಆಟ ಇರಲ್ಲ."

ನಾನು ಸದ್ದಿಲ್ಲದೆ ಹೋಗಿ ಅವಳ ಪಕ್ಕ ಕುಕ್ಕರಿಸಿದೆ. ಕಿವಿಯ ಹತ್ತಿರ ಪಿಸುಗುಟ್ಟಿದೆ. "ಯಾವ ಆಟ ಪುಟ್ಟಿ?"

"ತಾತ ಓಡಿಸ್ತಾರೆ, ನಾನು ಮುಂದೆ ನಿಂತ್ಕೊಂಡು ಹೇಳ್ತೀನಿ. ಕೆಂಪು, ಹಸಿರು, ಬಸ್ಸು, ಅಜ್ಜಿ ದಾಟ್ತಿದ್ದಾರೆ. ನಿನ್ನೆ ಒಂದ್ಸಲ ಹೇಳೋಕೆ ಮರ್ತೇಹೋಯ್ತು, ಆ ಲಾರಿಯವನು ಎಷ್ಟು ಬೈದ ಗೊತ್ತಾ!"

ಸಿಟ್ಟಿನಲ್ಲಿ ಕೂಗಾಡಬೇಕು ಎಂದುಕೊಂಡೆ, ಅಳು ಬಂತು, ಕೈಯಿಂದ ಬಾಯಿ ಮುಚ್ಚಿಕೊಂಡೆ.

ಆಮೇಲೆ ಅಪ್ಪ ಕೈ ಚಾಚಿ, "ತಗೋಮ್ಮ," ಎಂದು ಕೀಲಿ ಕೊಟ್ಟರು, ನಾನು ಮೊದಲು ಕೂತಿದ್ದ ಖಾಲಿ ಕುರ್ಚಿಗೆ.